ಬಾಡಿಗೆ ಕಳೆದು ಉಳಿದದ್ದೇ ಸಂಬಳ

ಮಗಳೇ, ಬೆಂಗಳೂರಿನ ಕಂಪನಿಯಿಂದ ವರ್ಷಕ್ಕೆ 12 ಲಕ್ಷದ ಆಫರ್ ಲೆಟರ್ ಬಂದಿದೆ ಅಂತ ನಿಮ್ಮಪ್ಪ ಹೇಳಿದ. ಸಂತೋಷ. ಮೈಸೂರಿನ ಕೆಲಸ ಬಿಟ್ಟು ಸಹಿ ಹಾಕುವ ಮೊದಲು ಈ ದೊಡ್ಡಪ್ಪನ ಜೊತೆ ಕೂತು ಒಂದು ಲೆಕ್ಕ ಹಾಕು.

ಪಿಎಫ್, ಗ್ರಾಚ್ಯುಟಿ, ವರ್ಷದ ಬೋನಸ್ಸು ಬದಿಗಿಟ್ಟರೆ ತಿಂಗಳಿಗೆ ಕೈಗೆ ಬರುವುದು 80 ಸಾವಿರ. ಮೈಸೂರಿನಲ್ಲಿ 55. ಇಪ್ಪತ್ತೈದು ಸಾವಿರ ಹೆಚ್ಚು, ನಿಜ. ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ಆದಾಯ ತೆರಿಗೆಯೂ ಇಲ್ಲ. ಸರ್ಕಾರ ಬಿಟ್ಟರೂ ಮನೆ ಓನರ್ ಬಿಡುವುದಿಲ್ಲವಲ್ಲ!

ಅಮ್ಮನನ್ನೂ ಕರೆದೊಯ್ಯುತ್ತೀ ಅಂದಮೇಲೆ ಎರಡು ಬೆಡ್‌ರೂಮ್ ಬೇಕು. ವೈಟ್‌ಫೀಲ್ಡ್‌ನಲ್ಲಿ ನೀನು ನೋಡಿ ಬಂದ ಮನೆಗೆ ಬಾಡಿಗೆ 32 ಸಾವಿರ, ಮೇಂಟೆನೆನ್ಸ್ 4 ಸಾವಿರ. ಉಳಿದದ್ದು 44. ಕುವೆಂಪುನಗರದ ಮನೆಗೆ ಈಗ ಕೊಡುತ್ತಿರುವುದು 14. ಅಲ್ಲಿ ಉಳಿಯುವುದು 41. ಇಪ್ಪತ್ತೈದು ಸಾವಿರದ ಅಂತರ ಮೂರಕ್ಕೆ ಇಳಿಯಿತು.

ಇನ್ನು ಆರು ತಿಂಗಳ ಅಡ್ವಾನ್ಸ್, 1.92 ಲಕ್ಷ. ಬ್ಯಾಂಕಿನಲ್ಲಿಟ್ಟಿದ್ದರೆ ಶೇ. 7ರಂತೆ ತಿಂಗಳಿಗೆ 1,120 ರೂಪಾಯಿ ಬಡ್ಡಿ ಬರುತ್ತಿತ್ತು. ಬ್ರೋಕರ್‌ಗೆ ಒಂದು ತಿಂಗಳ ಬಾಡಿಗೆ. ಖಾಲಿ ಮಾಡುವಾಗ ಪೇಂಟಿಂಗ್ ಅಂತ ಇನ್ನೊಂದು ತಿಂಗಳದ್ದು ಮುರಿದುಕೊಳ್ಳುತ್ತಾರೆ. ಎರಡು ವರ್ಷಕ್ಕೆ ಹಂಚಿದರೆ ತಿಂಗಳಿಗೆ ಸುಮಾರು 2,700. ಮೈಸೂರಿಗೂ ಇದೇ ಲೆಕ್ಕ ಹಾಕಿ ಕಳೆದರೂ, ನಿನಗೆ ಹೆಚ್ಚಾಗಿ ಉಳಿಯುವುದು ಸಾವಿರಕ್ಕೂ ಕಡಿಮೆ. ಹನ್ನೊಂದು ತಿಂಗಳಾದ ಮೇಲೆ ಕರಾರು ಹೊಸದಾಗುತ್ತದೆ, ಬಾಡಿಗೆ ಶೇ. 5 ಏರಿದರೆ ಅದೂ ಹೋಯಿತು.

ಹೋಗಬೇಡ ಅನ್ನುತ್ತಿಲ್ಲ. ಕಲಿಯುವ ಕೆಲಸ, ಮುಂದೆ ಬೆಳೆಯುವ ದಾರಿ ಇದ್ದರೆ ಖಂಡಿತ ಹೋಗು. ದುಡ್ಡಿಗಾಗಿಯೇ ಹೋಗುವುದಾದರೆ ಮಾತ್ರ ಮನೆ ಬದಲಿಸು. ಕೆಂಗೇರಿಯ ಕಡೆ ಬಾಡಿಗೆ ಕಡಿಮೆ. ನೇರಳೆ ಮೆಟ್ರೊ ಅಲ್ಲಿಂದ ನೇರ ವೈಟ್‌ಫೀಲ್ಡ್‌ಗೆ ಹೋಗುತ್ತದೆ. ದಿನಾ ಆ ಉದ್ದದ ಪ್ರಯಾಣ ಕಷ್ಟ, ವಾರಕ್ಕೆ ಎರಡು ದಿನವಾದರೆ ತಡೆದುಕೊಳ್ಳಬಹುದು. ಪೇಂಟಿಂಗ್‌ಗೆ ಎಷ್ಟು ಹಿಡಿಯುತ್ತಾರೆ ಅನ್ನುವುದನ್ನು ಕರಾರಿನಲ್ಲೇ ಬರೆಸಿಕೋ.

ಕಂಪನಿಗೆ ಉತ್ತರ ಬರೆಯುವಾಗ ಎರಡು ವಿಷಯ ಕೇಳು: ವಾರಕ್ಕೆ ಎಷ್ಟು ದಿನ ಆಫೀಸಿಗೆ ಬರಬೇಕು, ಮನೆ ಅಡ್ವಾನ್ಸ್‌ಗೆ ಬಡ್ಡಿಯಿಲ್ಲದ ಸಾಲ ಕೊಡುತ್ತೀರಾ. ಸಂಕೋಚ ಬೇಡ. ಸೇರಿದ ಮೇಲೆ ಕೇಳುವುದಕ್ಕಿಂತ ಸೇರುವ ಮೊದಲು ಕೇಳಿದ ಮಾತಿಗೆ ಬೆಲೆ ಜಾಸ್ತಿ.