ಗೆಡ್ಡೆಯ ಅಳತೆ, ರೋಗಿಯ ಮಾತು

ಕ್ಯಾನ್ಸರಿಗೆ ನೀಡಿದ ಚಿಕಿತ್ಸೆ ಫಲಿಸಿತೇ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಸ್ಕ್ಯಾನಿನಲ್ಲಿ ಅಳೆದ ಗೆಡ್ಡೆಗಳ ವ್ಯಾಸಗಳ ಮೊತ್ತ ಶೇ. 30ರಷ್ಟಾದರೂ ತಗ್ಗಿದ್ದರೆ ಅದನ್ನು ಭಾಗಶಃ ಪ್ರತಿಕ್ರಿಯೆ ಎನ್ನುತ್ತಾರೆ. ಆದರೆ ಗೆಡ್ಡೆ ಕುಗ್ಗಿದ ಮಾತ್ರಕ್ಕೆ ರೋಗಿಯ ಆಯುಸ್ಸು ಹೆಚ್ಚಿತೆಂದಾಗಲಿ, ಆತ ನೆಮ್ಮದಿಯಿಂದ ಉಣ್ಣಬಲ್ಲನೆಂದಾಗಲಿ ಹೇಳಲಾಗದು.

ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ನಡೆದ ಪರೀಕ್ಷೆಯೊಂದು ಇದಕ್ಕೆ ನಿದರ್ಶನ. ತಲೆ-ಕತ್ತಿನ ಭಾಗದ, ಬಹುಪಾಲು ಬಾಯಿಯ, ಕ್ಯಾನ್ಸರಿದ್ದ 300 ಮಂದಿಗೆ ವಿಕಿರಣದ ಜೊತೆಗೆ ಸಿಸ್‌ಪ್ಲಾಟಿನ್ ಎಂಬ ಔಷಧವನ್ನು ಕೊಡಲಾಯಿತು. ಅರ್ಧದಷ್ಟು ಜನರಿಗೆ ಮೂರು ವಾರಕ್ಕೊಮ್ಮೆ, ದೇಹದ ಮೇಲ್ಮೈಯ ಚದರ ಮೀಟರಿಗೆ 100 ಮಿಲಿಗ್ರಾಂ. ಉಳಿದವರಿಗೆ ವಾರಕ್ಕೊಮ್ಮೆ 30 ಮಿಲಿಗ್ರಾಂ. 2018ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಎರಡು ವರ್ಷಗಳ ಹೊತ್ತಿಗೆ ರೋಗವು ಮೂಲಸ್ಥಾನದಲ್ಲಿಯೂ ಕತ್ತಿನಲ್ಲಿಯೂ ಹತೋಟಿಯಲ್ಲಿದ್ದ ಪ್ರಮಾಣ ಮೊದಲ ಗುಂಪಿನಲ್ಲಿ ಶೇ. 73.1, ಎರಡನೆಯದರಲ್ಲಿ ಶೇ. 58.5. ಇಷ್ಟನ್ನೇ ಓದಿದರೆ ತೀರ್ಪು ಸುಲಭ. ಆದರೆ ತೀವ್ರ ಅಡ್ಡಪರಿಣಾಮಗಳು ಮೊದಲ ಗುಂಪಿನ ಶೇ. 84.6 ಮಂದಿಯನ್ನು ಕಾಡಿದ್ದವು; ಇನ್ನೊಂದರಲ್ಲಿ ಶೇ. 71.6. ಒಟ್ಟು ಆಯುಸ್ಸಿನಲ್ಲಿಯಾದರೋ ಸಂಖ್ಯಾಶಾಸ್ತ್ರ ಒಪ್ಪುವಂತಹ ಅಂತರ ಕಾಣಲಿಲ್ಲ. ಹೀಗೆ ರೋಗದ ಹತೋಟಿ, ಬದುಕಿದ ಕಾಲ, ಪಟ್ಟ ಯಾತನೆ ಮೂರೂ ಮೂರು ದಾರಿ ಹಿಡಿದಿವೆ. 2022ರಲ್ಲಿ ಪ್ರಕಟವಾದ ಜಪಾನಿನ ಪರೀಕ್ಷೆಯಲ್ಲಿ, ಶಸ್ತ್ರಚಿಕಿತ್ಸೆಯಾದವರಿಗೆ ವಾರಕ್ಕೆ 40 ಮಿಲಿಗ್ರಾಂ ಕೊಟ್ಟಾಗ ಅದು ಮೂರು ವಾರದ ಕ್ರಮಕ್ಕೆ ಕಡಿಮೆಯಾಗಲಿಲ್ಲ. ‘ವಾರಕ್ಕೊಮ್ಮೆ’ ಎಂಬ ಒಂದೇ ಪದದ ಹಿಂದೆ ಎರಡು ಬೇರೆ ಚಿಕಿತ್ಸೆಗಳು ಅಡಗಿರಬಲ್ಲವು.

ಅಡ್ಡಪರಿಣಾಮವನ್ನು 1ರಿಂದ 5ರವರೆಗಿನ ದರ್ಜೆಗಳಲ್ಲಿ ಗುರುತಿಸುತ್ತಾರೆ; 5 ಎಂದರೆ ಸಾವು. ಕಾಲವನ್ನೂ ನೋಡಬೇಕು. ವಿಕಿರಣದಿಂದಾಗುವ ಬಾಯಿಹುಣ್ಣು ಚಿಕಿತ್ಸೆ ಮುಗಿದ ಕೆಲವು ವಾರಗಳಲ್ಲಿ ಸಾಮಾನ್ಯವಾಗಿ ಮಾಯುತ್ತದೆ. ಬಾಯಿ ಒಣಗುವುದು ವರ್ಷಗಟ್ಟಲೆ ಉಳಿಯಬಹುದು. ಸಿಸ್‌ಪ್ಲಾಟಿನ್ ಕಿವಿಗೆ ಮಾಡಿದ ಹಾನಿ ಹೆಚ್ಚಾಗಿ ಮರಳದು.

ಈ ದರ್ಜೆಗಳನ್ನು ಬರೆಯುವವರು ವೈದ್ಯರು, ಅನುಭವಿಸುವವರು ರೋಗಿಗಳು. ನ್ಯೂಯಾರ್ಕಿನಲ್ಲಿ ಕಿಮೋಥೆರಪಿ ಪಡೆಯುತ್ತಿದ್ದ 766 ಮಂದಿಯ ಪೈಕಿ ಒಂದು ಗುಂಪಿನವರು ತಮ್ಮ ತೊಂದರೆಗಳನ್ನು ಕಂಪ್ಯೂಟರಿನಲ್ಲಿ ತಾವೇ ದಾಖಲಿಸುತ್ತಿದ್ದರು. ತೊಂದರೆ ಬಿಗಡಾಯಿಸಿದರೆ ದಾದಿಯರಿಗೆ ಸೂಚನೆ ಹೋಗುತ್ತಿತ್ತು. 2017ರ ವರದಿಯಂತೆ ಆ ಗುಂಪಿನ ಮಧ್ಯಮ ಬದುಕುಳಿವು 31.2 ತಿಂಗಳು, ಎಂದಿನ ಆರೈಕೆಯಲ್ಲಿದ್ದವರದು 26 ತಿಂಗಳು. ಹೊಸ ಔಷಧವೊಂದು ಇಷ್ಟು ಗಳಿಸಿಕೊಟ್ಟಿದ್ದರೆ ಅದು ದೊಡ್ಡ ಸುದ್ದಿಯಾಗುತ್ತಿತ್ತು!

ಕನ್ನಡದ ವಿದ್ಯಾರ್ಥಿಗೆ ಇಲ್ಲಿ ಕೆಲಸವಿದೆ. ಕಾಸರಗೋಡಿನ ರೋಗಿ ಚಿಕಿತ್ಸೆಗೆ ಮಂಗಳೂರಿಗೂ ಹೋಗಬಹುದು, ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರಿಗೂ ಹೋಗಬಹುದು. ಬೆರಳು ‘ಜುಮ್ಮೆನ್ನುತ್ತದೆ’ ಎಂಬುದೂ ‘ಮರಗಟ್ಟಿದೆ’ ಎಂಬುದೂ ಒಂದೇ ಅಲ್ಲ; ಎರಡನೆಯದರಲ್ಲಿ ಸ್ಪರ್ಶವೇ ತಿಳಿಯದು. ‘ಸಂಕಟ’ ಎಂದಾಗ ಅದು ನೋವೋ, ವಾಕರಿಕೆಯೋ, ಮನಸ್ಸಿನ ತಳಮಳವೋ ಎಂದು ಕೇಳಿ ತಿಳಿಯಬೇಕು. ಕೇಳದೆ ಮಲಯಾಳಕ್ಕೋ ಇಂಗ್ಲಿಷಿಗೋ ದಾಟಿಸಿದರೆ, ನೋವಿಗೆ ಕೊಡಬೇಕಾದ ಮದ್ದು ವಾಕರಿಕೆಯ ಹೆಸರಿನಲ್ಲಿ ತಪ್ಪಿಹೋಗುತ್ತದೆ.