ಪೊಳ್ಳೋ ಗಟ್ಟಿಯೋ: ಪ್ಲಾಸ್ಟಿಕ್ ಮೀನಿನಲ್ಲಿ ಬಾಸ್ ಹಿಡಿಯುವ ಮೊದಲ ಪಾಠ

ತುಂಗೆಯ ದಡದಲ್ಲಿ ಬಿದಿರಿನ ಕೋಲು, ತಂಗೂಸಿ, ಎರೆಹುಳು ಹಿಡಿದು ಬೆಳೆದವನು ನಾನು. ಕ್ಯಾಲಿಫೋರ್ನಿಯಾಕ್ಕೆ ಬಂದು ಮೊದಲ ಸಲ ಗಾಳದ ಅಂಗಡಿಗೆ ಕಾಲಿಟ್ಟಾಗ, ಒಂದು ಗೋಡೆ ತುಂಬ ಬರೀ ಪ್ಲಾಸ್ಟಿಕ್ ಮೀನುಗಳನ್ನೇ ನೇತುಹಾಕಿದ್ದು ಕಂಡು ಪೆದ್ದನಂತೆ ನಿಂತಿದ್ದೆ. ಬಣ್ಣ ಚೆಂದ ಕಂಡ ಒಂದು ಪ್ಯಾಕು ತಂದೆ. ಒಳಗೆ ನಾಲ್ಕಿದ್ದವು. ಸಂಜೆಯೊಳಗೆ ನಾಲ್ಕೂ ಹರಿದವು, ಮೀನು ಒಂದೂ ಸಿಗಲಿಲ್ಲ. ಆಮೇಲೆ ಗೊತ್ತಾಯಿತು: ನಾನು ತಂದದ್ದು ಪೊಳ್ಳು ಜಾತಿಯದು, ಅದನ್ನು ಸಿಕ್ಕಿಸಿದ್ದು ಗಟ್ಟಿ ಜಾತಿಗೆ ಹೇಳಿಸಿದ ಕೊಕ್ಕೆಗೆ.

ಇವಕ್ಕೆ ಇಲ್ಲಿ ಸ್ವಿಮ್‌ಬೇಟ್ ಅನ್ನುತ್ತಾರೆ. ಈಜುವ ಮೀನಿನ ವೇಷ ಹಾಕಿದ ಲೂರ್, ಅಂದರೆ ಹುಸಿ ಎರೆ. ನಾವು ಬಾಯಿಮಾತಿಗೆ ರಬ್ಬರ್ ಮೀನು ಅಂದರೂ ಅದು ರಬ್ಬರಲ್ಲ; ಪಿವಿಸಿ ಪುಡಿಯನ್ನು ಎಣ್ಣೆಯಂಥ ದ್ರವದಲ್ಲಿ ಕಲಸಿ, ಕಾಯಿಸಿ, ಅಚ್ಚಿಗೆ ಹೊಯ್ದ ಮೆತ್ತನೆ ಪ್ಲಾಸ್ಟಿಕ್. ದೊಡ್ಡ ಗಾತ್ರದ ಸ್ವಿಮ್‌ಬೇಟುಗಳ ತವರು ದಕ್ಷಿಣ ಕ್ಯಾಲಿಫೋರ್ನಿಯಾ. 1959ರಲ್ಲಿ ಸ್ಯಾನ್ ಡಿಯೇಗೊ ಕಡೆಯ ಜಲಾಶಯಗಳಿಗೆ ಫ್ಲಾರಿಡಾದಿಂದ ದೊಡ್ಡದಾಗಿ ಬೆಳೆಯುವ ಬಾಸ್ ಮೀನಿನ ತಳಿ ತಂದು ಬಿಟ್ಟರು. ಮೀನುಗಾರಿಕೆ ಇಲಾಖೆ ಅದೇ ಕಡೆಯ ಜಲಾಶಯಗಳಿಗೆ ಟ್ರೌಟ್ ಮೀನುಗಳನ್ನೂ ಬಿಡುತ್ತಿತ್ತು. ಬಾಸ್‌ಗಳು ಅವನ್ನು ತಿಂದು ಕೊಬ್ಬಿದವು. ಟ್ರೌಟ್ ತಿನ್ನುವ ಮೀನಿಗೆ ಟ್ರೌಟಿನ ಹಾಗೇ ಕಾಣುವುದನ್ನು ಎಸೆಯಬೇಕು ಎಂದು ಅಲ್ಲಿನವರು ಲೆಕ್ಕ ಹಾಕಿದರು.

ಹೊಸಬರು ಎಂಟಿಂಚಿನ ಆ ದೈತ್ಯ ಸ್ವಿಮ್‌ಬೇಟುಗಳ ಗೊಡವೆಗೆ ಹೋಗುವುದು ಬೇಡ. ಮೂರೂವರೆಯಿಂದ ಐದಿಂಚಿನ ಸಣ್ಣವೇ ಸಾಕು. ಕೆಳಗೆ ಬರೆದದ್ದೆಲ್ಲ ಅವುಗಳ ಬಗ್ಗೆ.

ಹಂತ 1: ಲೈಸೆನ್ಸ್

ಕ್ಯಾಲಿಫೋರ್ನಿಯಾದ ಒಳನಾಡಿನ ನೀರಿನಲ್ಲಿ 16 ತುಂಬಿದವರು ಯಾರೇ ಗಾಳ ಹಾಕಲಿ, ಲೈಸೆನ್ಸ್ ಬೇಕು. ಊರಿನಿಂದ ಆರು ತಿಂಗಳಿಗೆ ಬಂದ ಅಪ್ಪ "ಕೊಡೋ ಇಲ್ಲಿ, ಒಂದು ಸಲ ಎಸೆದು ನೋಡ್ತೀನಿ" ಅಂದರೂ ಬೇಕು. ಒಂದು ದಿನದ, ಎರಡು ದಿನದ ಲೈಸೆನ್ಸೂ ಸಿಗುತ್ತದೆ. ವರ್ಷಕ್ಕೆ ಎರಡು ದಿನ ಲೈಸೆನ್ಸ್ ಇಲ್ಲದೆ ಮೀನು ಹಿಡಿಯಲು ಬಿಡುತ್ತಾರೆ. ಅಪ್ಪನನ್ನು ಆ ದಿನ ಕರೆದುಕೊಂಡು ಹೋಗಿ.

ಹಂತ 2: ಅಮುಕಿ ನೋಡಿ

ಅಂಗಡಿಯಲ್ಲಿ ಪ್ಯಾಕಿನ ಮೇಲಿಂದಲೇ ಹೊಟ್ಟೆಯ ಭಾಗವನ್ನು ಎರಡು ಬೆರಳಲ್ಲಿ ಅಮುಕಿ. ಉಬ್ಬಿದ ಪೂರಿಯ ಹಾಗೆ ಒಳಕ್ಕೆ ಕುಸಿದು, ಬಿಟ್ಟರೆ ಮತ್ತೆ ಎದ್ದರೆ ಅದು ಪೊಳ್ಳು. ಕಡುಬಿನ ಹಾಗೆ ಒಳಗೂ ಹೊರಗೂ ಒಂದೇ ಆಗಿದ್ದರೆ ಗಟ್ಟಿ. ಎರಡಕ್ಕೂ ಸಾಮಾನ್ಯವಾಗಿ ಹುಟ್ಟಿನಂಥ ಚಪ್ಪಟೆ ಬಾಲ ಇರುತ್ತದೆ. ದಾರ ಎಳೆದಾಗ ನೀರು ಆ ಬಾಲಕ್ಕೆ ಬಡಿದು ಅದು ಪಟಪಟ ಅಲ್ಲಾಡುತ್ತದೆ.

ಕನ್ನಡದಲ್ಲಿ ಪೊಳ್ಳು ಅಂದರೆ ಬೈಗುಳವೇ. ಇಲ್ಲಿ ಮಾತ್ರ ಪೊಳ್ಳುತನವೇ ಅದರ ಗುಣ. ಬಾಸ್ ಬಾಯಿ ಮುಚ್ಚಿದ ಗಳಿಗೆಯಲ್ಲಿ ಏನಾಗುತ್ತದೆ ಅಂತ ಯೋಚಿಸಿ. ಪೊಳ್ಳು ಮೀನಿನ ಹೊಟ್ಟೆ ಚಪ್ಪಟೆಯಾಗುತ್ತದೆ, ಬೆನ್ನಿಗೆ ಅಂಟಿಕೊಂಡು ಮಲಗಿದ್ದ ಕೊಕ್ಕೆಯ ಮೊನೆ ತಾನಾಗಿ ಎದ್ದು ನಿಲ್ಲುತ್ತದೆ. ಹಾಗಾಗಿ ಮೊನೆಯನ್ನು ಅಡಗಿಸಿಟ್ಟು ಜೊಂಡಿನ ನಡುವೆ, ನೀರಕಳೆಯ ಮೇಲೆ ಎಳೆದುಕೊಂಡು ಬರಬಹುದು. ಕಳೆ ಸಿಕ್ಕಿಕೊಳ್ಳುವುದಿಲ್ಲ, ಮೀನು ಸಿಕ್ಕಿಕೊಳ್ಳುತ್ತದೆ. ನಮ್ಮ ಕೆರೆಗಳಲ್ಲಿ ಕೊರವ ಮೀನಿಗೆ ಎಸೆಯುವ ರಬ್ಬರ್ ಕಪ್ಪೆ ನೋಡಿದವರಿಗೆ ಇದು ಹೊಸದಲ್ಲ. ಆ ಕಪ್ಪೆಯ ಹೊಟ್ಟೆಯೂ ಪೊಳ್ಳು, ಅದರ ಉಪಾಯವೂ ಇದೇ.

ಗಟ್ಟಿ ಮೀನಿನಲ್ಲಿ ಮೊನೆಯನ್ನು ಅಡಗಿಸಿಟ್ಟರೆ ಅಷ್ಟೂ ಪ್ಲಾಸ್ಟಿಕ್ಕನ್ನು ದಾಟಿ ಅದು ಹೊರಬರಬೇಕು. ಎಷ್ಟೋ ಸಲ ಬರುವುದೇ ಇಲ್ಲ. ಆದ್ದರಿಂದ ಗಟ್ಟಿ ಮೀನನ್ನು ಮೊನೆ ಹೊರಗೇ ಇರುವ ಕೊಕ್ಕೆಗೆ ಹಾಕಿ, ಕಳೆ ಇಲ್ಲದ ನೀರಿನಲ್ಲಿ ಬಳಸುವುದು ಲೇಸು. ಇದು ತೂಕದ್ದು, ದೂರ ಹೋಗುತ್ತದೆ, ಬೇಗ ಮುಳುಗುತ್ತದೆ, ಕೊಕ್ಕೆಯನ್ನು ಮೈತುಂಬ ಹಿಡಿದುಕೊಳ್ಳುತ್ತದೆ. ಪೊಳ್ಳಿನ ಗೋಡೆ ತೆಳು, ಒಂದೆರಡು ಮೀನಿಗೆ ಮೂತಿ ಕಿತ್ತು ಬರುತ್ತದೆ.

ಹಂತ 3: ಮೊದಲ ಖರೀದಿ

ಗಟ್ಟಿಯದನ್ನು ಮೊದಲು ಕೊಳ್ಳಿ. ಇದರಲ್ಲಿ ನನಗೆ ಎರಡನೇ ಮಾತಿಲ್ಲ. ಕೊಕ್ಕೆಗೆ ಹಾಕುವುದು ಸುಲಭ, ತಪ್ಪು ಮಾಡಿದರೂ ಈಜುತ್ತದೆ, ಒಂದು ಪ್ಯಾಕು ಬಹಳ ದಿನ ಬಾಳುತ್ತದೆ. ಜಪಾನಿನ ಕೈಟೆಕ್ ಕಂಪನಿಯ ಸ್ವಿಂಗ್ ಇಂಪ್ಯಾಕ್ಟ್ ಫ್ಯಾಟ್ ಎಂಬುದರ 3.8 ಇಂಚಿನದು ಒಳ್ಳೆಯ ಆರಂಭ. ಉಪ್ಪು ಬೆರೆಸಿದ ಮೆತ್ತನೆ ಪ್ಲಾಸ್ಟಿಕ್ ಅದು. ನಿಧಾನ ಎಳೆದರೂ ಬಾಲ ಕುಣಿಯುತ್ತದೆ. ಬಣ್ಣದ ವಿಷಯದಲ್ಲಿ ಜಿಪುಣರಾಗಿ. ಬೆನ್ನು ಬೂದಿ, ಹೊಟ್ಟೆ ಬಿಳಿ ಇರುವುದೊಂದು, ಕಲಕಿದ ನೀರಿಗೆ ಕಪ್ಪುಛಾಯೆಯದೊಂದು, ಅಷ್ಟೇ.

ಜೊತೆಗೆ ಕಾಲು ಔನ್ಸಿನ ಜಿಗ್ ಹೆಡ್ ನಾಲ್ಕು. ಕೊಕ್ಕೆಯ ಕತ್ತಿಗೆ ಸೀಸದ ಗುಂಡು ಹೊಯ್ದದ್ದೇ ಜಿಗ್ ಹೆಡ್. ಏಳಡಿಯ ಮೀಡಿಯಂ ಹೆವಿ ರಾಡು, 12ರಿಂದ 15 ಪೌಂಡಿನ ಫ್ಲೋರೋಕಾರ್ಬನ್ ದಾರ. ರೀಲು ಸ್ಪಿನ್ನಿಂಗ್ ಆದರೂ ನಡೆಯುತ್ತದೆ.

ಹಂತ 4: ಗಟ್ಟಿ ಮೀನನ್ನು ಜಿಗ್ ಹೆಡ್ಡಿಗೆ ಏರಿಸುವುದು

ಜಿಗ್ ಹೆಡ್ಡನ್ನು ಮೀನಿನ ಪಕ್ಕಕ್ಕೆ ಹಿಡಿದು, ಕೊಕ್ಕೆ ಬಾಗುವ ಜಾಗ ಬೆನ್ನಿನ ಮೇಲೆ ಎಲ್ಲಿಗೆ ಬರುತ್ತದೆ ನೋಡಿ. ಅಲ್ಲಿ ಉಗುರಿನಿಂದ ಒಂದು ಗೀರು ಹಾಕಿ. ಮೂತಿಯ ನಟ್ಟನಡುವೆ ಮೊನೆ ಚುಚ್ಚಿ, ಮಲ್ಲಿಗೆ ಪೋಣಿಸುವಾಗ ತೊಟ್ಟು ಸರಿಸುವ ಹಾಗೆ ಪ್ಲಾಸ್ಟಿಕ್ಕನ್ನೇ ಕೊಕ್ಕೆಯ ಮೇಲೆ ಸ್ವಲ್ಪಸ್ವಲ್ಪ ಸರಿಸುತ್ತ ಬನ್ನಿ. ಗೀರಿನ ಹತ್ತಿರ ಮೊನೆಯನ್ನು ಹೊರಗೆ ತೆಗೆಯಿರಿ. ಸೀಸಕ್ಕೆ ಮೂತಿ ತಾಗುವ ಮುಂಚೆ ಒಂದು ಹನಿ ಸೂಪರ್ ಗ್ಲೂ ಹಾಕಿ ಒತ್ತಿ.

ಆದ ಮೇಲೆ ಕಣ್ಣಿನ ಮಟ್ಟಕ್ಕೆ ಎತ್ತಿ ಬೆನ್ನಿನ ಕಡೆಯಿಂದ ನೋಡಿ. ಮೈ ಒಂದು ಕಡೆ ಸೊಟ್ಟಗಿದ್ದರೆ ಬಿಚ್ಚಿ ಮತ್ತೆ ಹಾಕಿ. ಸೊಟ್ಟಗೆ ಹಾಕಿದ ಮೀನು ನೀರಿನಲ್ಲಿ ಗಿರಗಿರ ಸುತ್ತುತ್ತದೆ, ದಾರವೂ ಹುರಿಗೊಳ್ಳುತ್ತದೆ.

ಹಂತ 5: ಪೊಳ್ಳು ಮೀನಿಗೆ ಕೊಕ್ಕೆ

ಕೈ ಹೆಚ್ಚು ತಪ್ಪುವುದು ಇಲ್ಲೇ, ಆತುರ ಬೇಡ. ಬೇಕಾದದ್ದು ಅಗಲ ಬಾಯಿಯ, ಮೂತಿಗೆ ಸುರುಳಿ ತಂತಿ ಇರುವ, ಹೊಟ್ಟೆಯ ಕಡೆ ಸೀಸ ಕೂರಿಸಿದ ಕೊಕ್ಕೆ. ನಾಲ್ಕರಿಂದ ಐದಿಂಚಿನ ಮೀನಿಗೆ 4/0ಯಿಂದ 6/0 ಅಳತೆಯದು.

ಮೊದಲು ಸುರುಳಿಯ ತುದಿಯನ್ನು ಮೂತಿಯ ನಡುವಿಗೆ ಇಟ್ಟು ತಿರುಪಿ, ಪೂರ್ತಿ ಒಳಗೆ ಹೋಗುವವರೆಗೆ. ಪೊಳ್ಳು ಮೀನಿನಲ್ಲೂ ಮೂತಿಯ ತುದಿ ಗಟ್ಟಿಯಾಗಿರುತ್ತದೆ. ಸುರುಳಿ ಹಿಡಿಯುವುದು ಆ ಭಾಗವನ್ನೇ. ಈಗ ಕೊಕ್ಕೆಯನ್ನು ಹೊಟ್ಟೆಯ ಕೆಳಗೆ ನೇತಾಡಲು ಬಿಟ್ಟು ಎಲ್ಲಿ ಚುಚ್ಚಬೇಕೆಂದು ಅಳೆಯಿರಿ. ಹೊಟ್ಟೆಯಿಂದ ಚುಚ್ಚಿ ಬೆನ್ನಿನಿಂದ ನೇರವಾಗಿ ಹೊರತೆಗೆಯಿರಿ. ಮೊನೆ ಬೆನ್ನಿನ ಮೇಲೆ ಮಲಗಬೇಕು. ಕಳೆ ಜಾಸ್ತಿಯಿದ್ದರೆ ಮೊನೆಯ ತುದಿಯನ್ನು ಕೂದಲೆಳೆಯಷ್ಟು ಪ್ಲಾಸ್ಟಿಕ್ಕಿಗೆ ಚುಚ್ಚಿ ಮುಚ್ಚಿ. ಈಗ ಹೆಬ್ಬೆರಳಿನಿಂದ ಬೆನ್ನನ್ನು ಅಮುಕಿ ನೋಡಿ. ಮೊನೆ ಪಟಕ್ಕನೆ ಹೊರಗೆ ಬಂದರೆ ನೀವು ಗೆದ್ದಿರಿ. ಬರದಿದ್ದರೆ ಕೊಕ್ಕೆ ಸಣ್ಣದು.

ಇನ್ನೊಂದು ವಿಷಯ ನನಗೆ ಯಾರೂ ಹೇಳಿರಲಿಲ್ಲ: ಗಾಳಿ. ಪೊಳ್ಳು ಮೀನಿನ ಹೊಟ್ಟೆಯಲ್ಲಿ ಗಾಳಿ ಉಳಿದರೆ ಅದು ಮೇಲಕ್ಕೆ ತೇಲುತ್ತದೆ, ಕೆಲವೊಮ್ಮೆ ಮಗ್ಗುಲಿಗೆ ಮಗುಚಿಕೊಂಡು ಬರುತ್ತದೆ. ಎಸೆಯುವ ಮುಂಚೆ ನೀರಿನೊಳಗೆ ಹಿಡಿದು ಹಿಂಡಿ, ಬಿಡಿ. ಗುಳುಗುಳು ಗುಳ್ಳೆ ಬಂದು ನೀರು ಒಳಗೆ ಹೋಗುತ್ತದೆ. ಕಳೆಯ ಮೇಲ್ಮೈಯಲ್ಲೇ ಎಳೆಯುವುದಾದರೆ ಗಾಳಿ ಹಾಗೇ ಇರಲಿ, ಅದೇ ಅನುಕೂಲ. ಆ ಖಾಲಿ ಹೊಟ್ಟೆಗೆ ಗಿಲಕಿಯ ಗುಂಡು ತುರುಕುವವರು, ಮೀನೆಣ್ಣೆ ಅದ್ದಿದ ಸ್ಪಂಜು ಇಡುವವರು ಇದ್ದಾರೆ. ಗಿಲಕಿ ಕಲಕಿದ ನೀರಿನಲ್ಲಿ ಕೆಲಸಕ್ಕೆ ಬರುತ್ತದೆ. ಸ್ಪಂಜು ನನ್ನ ಕಾರಿಗೆ ವಾಸನೆ ಹತ್ತಿಸಿದ್ದು ಬಿಟ್ಟರೆ ಬೇರೇನೂ ಮಾಡಿದ್ದು ಕಾಣೆ.

ಹಂತ 6: ಎಸೆಯಿರಿ, ಎಣಿಸಿ, ಸುತ್ತಿ

ಗಟ್ಟಿ ಮೀನನ್ನು ಎಸೆದು, ಅದು ನೀರಿಗೆ ಬಿದ್ದ ಕೂಡಲೇ ಎಣಿಸಲು ಶುರುಮಾಡಿ. ದಾರ ಸಡಿಲಾದರೆ ತಳ ಮುಟ್ಟಿತು. ಹತ್ತಕ್ಕೆ ತಳ ಮುಟ್ಟಿದರೆ ಮುಂದಿನ ಸಲ ಎಂಟಕ್ಕೆ ಸುತ್ತಲು ತೊಡಗಿ, ಆಮೇಲೆ ಆರಕ್ಕೆ. ಯಾವ ಎಣಿಕೆಗೆ ಮೀನು ಕಚ್ಚಿತೋ ಆ ಎಣಿಕೆಯನ್ನು ಬಿಡಬೇಡಿ. ದೊಡ್ಡ ಟ್ರೌಟ್ ಲೂರುಗಳಿಗೆ ಹೆಸರಾದ ಹಡಲ್‌ಸ್ಟನ್ ಕಂಪನಿಯವರು ಈ ಲೆಕ್ಕವನ್ನೇ ಪ್ಯಾಕಿನ ಮೇಲೆ ಅಚ್ಚು ಹಾಕಿಸುತ್ತಾರೆ: ಆರ್‌ಒಎಫ್ 5 ಅಂದರೆ ಹತ್ತು ಸೆಕೆಂಡಿಗೆ ಸುಮಾರು ಐದಡಿ ಮುಳುಗುವುದು, 12 ಅಂದರೆ ಹನ್ನೆರಡಡಿ.

ಸುತ್ತುವುದು ನಿಧಾನ. ನೀವು ಅಂದುಕೊಂಡದ್ದಕ್ಕಿಂತಲೂ ನಿಧಾನ. ಬಾಲದ ಬಡಿತ ರಾಡಿನ ತುದಿಯಲ್ಲಿ ಸಣ್ಣಗೆ ತಿಳಿಯುತ್ತಿರಬೇಕು, ಅದಕ್ಕಿಂತ ಜೋರು ಬೇಡ. ಬಡಿತ ಇದ್ದಕ್ಕಿದ್ದಂತೆ ನಿಂತರೆ ಒಂದೋ ಬಾಲಕ್ಕೆ ಕಳೆ ಸುತ್ತಿದೆ, ಇಲ್ಲವೋ ಮೀನು ಹಿಂದಿನಿಂದ ಬಾಯಿ ಹಾಕಿದೆ.

ಪೊಳ್ಳಿನ ಜಾಗ ಬೇರೆ. ಸ್ಯಾಕ್ರಮೆಂಟೊ–ಸ್ಯಾನ್ ವಾಕೀನ್ ನದಿಗಳ ಮುಖಜ ಭೂಮಿಯಲ್ಲಿ ಏರಿಯ ಮೇಲೆ ನಿಂತರೆ ಎದುರಿಗೆ ಆಳೆತ್ತರದ ಜೊಂಡು. ಅಲ್ಲಿ ಸಮುದ್ರದ ಉಬ್ಬರ ಇಳಿತ ನಡೆಯುತ್ತದೆ. ನೀರು ಇಳಿಯುವಾಗ ಜೊಂಡಿನೊಳಗಿನ ಸಣ್ಣ ಮೀನು ಹೊರಗೆ ಬರುತ್ತವೆ, ಬಾಸ್ ಅಂಚಿನಲ್ಲಿ ಕಾದಿರುತ್ತದೆ. ಆ ಅಂಚಿಗೆ ಸಮಾನಾಂತರವಾಗಿ ಪೊಳ್ಳು ಮೀನನ್ನು ಒಂದಡಿ ಆಳದಲ್ಲಿ ತನ್ನಿ. ಜಿಗ್ ಹೆಡ್ ಹಾಕಿದರೆ ಎರಡೆಸೆತಕ್ಕೆ ಜೊಂಡಿನ ಕಟ್ಟೇ ಕೈಗೆ ಬರುತ್ತದೆ.

ಐದು ತಂತಿಗೆ ಐದು ಮೀನು ಕಟ್ಟಿ ಗುಂಪಿನಂತೆ ಎಳೆಯುವ ಅಲಬಾಮಾ ರಿಗ್ ಬಗ್ಗೆಯೂ ಕೇಳುತ್ತೀರಿ. 2011ರ ಅಕ್ಟೋಬರಿನಲ್ಲಿ ಗಂಟರ್ಸ್‌ವಿಲ್ ಸರೋವರದ ಪಂದ್ಯದಲ್ಲಿ ಪಾಲ್ ಎಲಿಯಾಸ್ ನಾಲ್ಕು ದಿನಕ್ಕೆ ನೂರು ಪೌಂಡಿಗೂ ಹೆಚ್ಚು ಬಾಸ್ ಹಿಡಿದು ಗೆದ್ದ ಮೇಲೆ ಅದು ಮನೆಮಾತಾಯಿತು. ಕ್ಯಾಲಿಫೋರ್ನಿಯಾದ ಒಳನಾಡಿನ ನೀರಿನಲ್ಲಿ ಒಂದು ದಾರಕ್ಕೆ ಮೂರಕ್ಕಿಂತ ಹೆಚ್ಚು ಲೂರ್ ಕಟ್ಟುವಂತಿಲ್ಲ. ಸದ್ಯಕ್ಕೆ ಒಂದೇ ಮೀನಿನಲ್ಲಿ ಕೈ ಪಳಗಲಿ.

ಹಂತ 7: ಕಚ್ಚಿದಾಗ

ಜಿಗ್ ಹೆಡ್ ಆದರೆ ಸುತ್ತುವುದನ್ನು ನಿಲ್ಲಿಸಬೇಡಿ. ಭಾರ ತಿಳಿದ ಮೇಲೆ ರಾಡನ್ನು ಮಗ್ಗುಲಿಗೆ ಎಳೆಯಿರಿ ಸಾಕು. ಪೊಳ್ಳು ಮೀನಾದರೆ ಒಂದುಸಿರು ತಡೆಯಿರಿ. ಮೀನು ದಾರವನ್ನು ಬಿಗಿ ಮಾಡಿದ ಮೇಲೆ ಬಲವಾಗಿ ಎಳೆಯಿರಿ, ಏಕೆಂದರೆ ಇಲ್ಲಿ ಕೊಕ್ಕೆ ದಪ್ಪ, ಅದು ನಾಟಬೇಕು. ನೀರಿನಲ್ಲಿ ಛಳಕ್ ಎಂದ ಸದ್ದಿಗೇ ಕೈ ಜಗ್ಗಿ ನಾನು ಕಳೆದುಕೊಂಡ ಮೀನಿಗೆ ಲೆಕ್ಕವಿಲ್ಲ.

ಹಿಡಿದದ್ದನ್ನು ಸಾರು ಮಾಡುವ ಮುಂಚೆ ಆ ಸರೋವರದ ಆರೋಗ್ಯ ಸೂಚನೆ ಓದಿ. ಬಾಸ್ ಮೀನಿಗೆ ಹೆಸರಾದ ಕ್ಲಿಯರ್ ಲೇಕ್‌ನ ದಡದಲ್ಲಿ ಹಳೆಯ ಪಾದರಸದ ಗಣಿಯಿತ್ತು. ಅಲ್ಲಿನ ಮೀನನ್ನು ಎಷ್ಟು ತಿನ್ನಬಹುದೆಂದು ರಾಜ್ಯ ಸರ್ಕಾರವೇ ಮಿತಿ ಹೇಳಿದೆ. ನಾನು ಮರಳಿ ನೀರಿಗೆ ಬಿಡುತ್ತೇನೆ.

ಹಂತ 8: ಹರಿದದ್ದು, ಸೊಟ್ಟಗಾದದ್ದು

ಹರಿದ ಪೊಳ್ಳು ಮೀನನ್ನು ಎಸೆಯಬೇಡಿ. ಬಿಸಿ ಮಾಡಿದ ಹಳೆಯ ಚಾಕುವಿನ ಅಲಗನ್ನು ಸೀಳಿನ ನಡುವೆ ಇಟ್ಟು, ಎರಡೂ ಅಂಚು ಕರಗಿದ ತಕ್ಷಣ ತೆಗೆದು ಒತ್ತಿ ಹಿಡಿದರೆ ಬೆಸೆದುಕೊಳ್ಳುತ್ತದೆ. ಈ ಕೆಲಸ ಅಂಗಳದಲ್ಲಿ ಆಗಲಿ, ಅದರ ಹೊಗೆ ಒಳ್ಳೆಯದಲ್ಲ. ಬೇಸಿಗೆಯಲ್ಲಿ ಕಾರಿನಲ್ಲಿ ಬಿಟ್ಟು ಬಾಲ ಮಡಚಿಕೊಂಡಿದ್ದರೆ, ಕುದಿಸಿ ಇಳಿಸಿದ ನೀರಿನಲ್ಲಿ ಅರ್ಧ ನಿಮಿಷ ಅದ್ದಿ, ನೇರ ಮಾಡಿ, ತಣ್ಣೀರಿಗೆ ಹಾಕಿ. ಟಿಪಿಇ ಎಂದು ಬರೆದ ಹಿಗ್ಗುವ ಜಾತಿಯ ಲೂರುಗಳ ಜೊತೆ ಇವನ್ನು ಒಂದೇ ಡಬ್ಬದಲ್ಲಿಟ್ಟರೆ ಎರಡೂ ಕರಗಿ ಅಂಟಾಗುತ್ತವೆ. ಬಂದ ಪ್ಯಾಕಿನಲ್ಲೇ ಇಡಿ. ರಿಪೇರಿಗೆ ಮೀರಿದ್ದನ್ನು ನೀರಿಗೆ ಬಿಸಾಡದೆ ಮನೆಗೆ ತನ್ನಿ. ಮೀನು ಅದನ್ನೂ ನುಂಗುತ್ತದೆ, ಅರಗಿಸಿಕೊಳ್ಳಲಾರದು.

ಊರಿಗೆ ಒಯ್ಯುವವರಿಗೆ

ರಜೆಗೆ ಕುಂದಾಪುರದ ಕಡೆ ಹೋಗುವವರು ಗಟ್ಟಿ ಮೀನಿನ ಪ್ಯಾಕನ್ನು ಖಂಡಿತ ಒಯ್ಯಿರಿ. ಅಳಿವೆಯ ಕುರುಡಿ, ಕೆಂಬೇರಿ ಎರಡೂ ಇದಕ್ಕೆ ಬಾಯಿ ಹಾಕುತ್ತವೆ. ಕೆಂಬೇರಿಯ ಹಲ್ಲಿಗೆ ಪೊಳ್ಳು ಮೀನು ಒಂದು ಕಚ್ಚಿಗೂ ಸಾಲದು. ಕಾವೇರಿ ವನ್ಯಜೀವಿ ಧಾಮದೊಳಗೆ ಮಾತ್ರ ಗಾಳ ಹಾಕುವಂತಿಲ್ಲ, ಹಿಡಿದು ಬಿಡುತ್ತೇನೆ ಅಂದರೂ ಇಲ್ಲ. ಕೊಕ್ಕೆ, ಜಿಗ್ ಹೆಡ್‌ಗಳನ್ನು ಚೆಕ್-ಇನ್ ಸೂಟ್‌ಕೇಸಿನಲ್ಲೇ ಇಡಿ. ಕೈಚೀಲದಲ್ಲಿ ಕಂಡರೆ ಏರ್‌ಪೋರ್ಟಿನಲ್ಲಿ ತೆಗೆಸಬಹುದು.