ಮನೆಯಲ್ಲಿ ಅಳೆದ ಅಂಕಿಯನ್ನು ನೋಡುವವರು ಯಾರು?

ಪ್ರಶ್ನೆ: ನಮ್ಮ ತಂದೆಗೆ 66 ವರ್ಷ. ಹಾರ್ಟ್ ಪಂಪಿಂಗ್ ಶೇ 30ಕ್ಕೆ ಇಳಿದಿದೆ ಎಂದು ಹೋದ ತಿಂಗಳು ಬೆಂಗಳೂರಿನ ಆಸ್ಪತ್ರೆಯಲ್ಲಿ ಅಡ್ಮಿಟ್ ಮಾಡಿಕೊಂಡು, ಆಮೇಲೆ ಮನೆಗೆ ಕಳಿಸಿದರು. ಊರಿನಲ್ಲಿ ಅಪ್ಪ, ಅಮ್ಮ ಇಬ್ಬರೇ. ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ಅಪ್ಪನಿಗೆ ಸ್ಮಾರ್ಟ್ ವಾಚು, ಬಿಪಿ ಯಂತ್ರ ಕೊಡಿಸಿದ್ದೇನೆ. ರೀಡಿಂಗ್ ಎಲ್ಲ ನನ್ನ ಮೊಬೈಲಿಗೇ ಬರುತ್ತದೆ. ಇನ್ನೂ ಅವರನ್ನು ಪದೇ ಪದೇ ಚೆಕಪ್‌ಗೆ ಕರೆತರಬೇಕೆ? ಓಡಾಟದಲ್ಲೇ ಸುಸ್ತಾಗುತ್ತಾರೆ.
– ಹೆಸರು ಬೇಡ, ರಾಜಘಟ್ಟ

ಉತ್ತರ: ಕರೆತರಲೇಬೇಕು. ಓಡಾಟ ಕಡಿಮೆ ಮಾಡುವ ದಾರಿ ಇದೆ, ಅದನ್ನೂ ಹೇಳುತ್ತೇನೆ. ಆದರೆ ಅಂಕಿಗಳು ಮಗನ ಮೊಬೈಲಿಗೆ ಬಂದರೆ ಅಪ್ಪನ ಮೇಲೆ ನಿಗಾ ಇಟ್ಟಂತಾಯಿತು ಎಂಬ ನಂಬಿಕೆ ಈಗ ಮನೆಮನೆಗೂ ಹಬ್ಬುತ್ತಿದೆ. ನನ್ನ ಚಿಂತೆ ಅದರದ್ದು. ಅಂಕಿ ಬದಲಾದ ದಿನವೇ ವಿಷಯ ತಿಳಿದವರೊಬ್ಬರು ಅದನ್ನು ನೋಡಿ, ಮಾತ್ರೆ ಬದಲಿಸಬೇಕೋ ರೋಗಿಯನ್ನು ಕರೆಸಬೇಕೋ ಎಂದು ತೀರ್ಮಾನಿಸಬೇಕು. ಆ ತೀರ್ಮಾನ ಮಾಡುವವರಿಲ್ಲದಿದ್ದರೆ ಯಂತ್ರ ಬರೀ ಲೆಕ್ಕ ಬರೆದಿಟ್ಟುಕೊಳ್ಳುತ್ತದೆ.

ಇದಕ್ಕೆ ಆಧಾರವಿದೆ. 2010ರಲ್ಲಿ ಪ್ರಕಟವಾದ ಅಮೆರಿಕದ ಟೆಲಿ-ಎಚ್‌ಎಫ್ ಅಧ್ಯಯನದಲ್ಲಿ ಹೃದಯ ವೈಫಲ್ಯದ 1,653 ರೋಗಿಗಳಿದ್ದರು. ಅವರಲ್ಲಿ ಅರ್ಧದಷ್ಟು ಜನ ದಿನವೂ ಒಂದು ಫೋನ್ ವ್ಯವಸ್ಥೆಗೆ ಕರೆ ಮಾಡಿ, ಧ್ವನಿಮುದ್ರಿತ ಪ್ರಶ್ನೆಗಳಿಗೆ ಗುಂಡಿ ಒತ್ತಿ ತೂಕ, ತೊಂದರೆ ತಿಳಿಸಬೇಕಿತ್ತು. ಆರು ತಿಂಗಳಾದರೂ ಮತ್ತೆ ಆಸ್ಪತ್ರೆ ಸೇರುವುದಾಗಲಿ, ಸಾವಾಗಲಿ ಕಡಿಮೆಯಾಗಲಿಲ್ಲ. ಏಳು ಜನರಲ್ಲಿ ಒಬ್ಬರು ಆ ವ್ಯವಸ್ಥೆಯನ್ನು ಒಮ್ಮೆಯೂ ಬಳಸಲೇ ಇಲ್ಲ. 2018ರಲ್ಲಿ ಜರ್ಮನಿಯಿಂದ ಬಂದ ಟಿಮ್-ಎಚ್‌ಎಫ್2 ಅಧ್ಯಯನದಲ್ಲಿ ಮಾತ್ರ ಬೇರೆಯದೇ ಫಲ ಸಿಕ್ಕಿತು. ಅಲ್ಲಿಯೂ ಮನೆಯಲ್ಲಿದ್ದದ್ದು ತೂಕದ ಯಂತ್ರ, ಬಿಪಿ ಯಂತ್ರ, ಇಸಿಜಿ, ಆಮ್ಲಜನಕ ಅಳೆಯುವ ಸಾಧನಗಳೇ. ಆದರೆ ಅಂಕಿಗಳು ಹೋಗುತ್ತಿದ್ದದ್ದು ಬರ್ಲಿನ್ನಿನ ಶಾರಿಟೆ ಆಸ್ಪತ್ರೆಯ ಕೇಂದ್ರಕ್ಕೆ. ಅಲ್ಲಿ ವೈದ್ಯರು, ನರ್ಸ್‌ಗಳು ದಿನದ 24 ಗಂಟೆಯೂ ಕೂತಿದ್ದರು. ನಿಗಾ ಇದ್ದ ಗುಂಪಿನಲ್ಲಿ ವರ್ಷಕ್ಕೆ ನೂರಕ್ಕೆ ಸುಮಾರು 8 ಸಾವು, ಉಳಿದವರಲ್ಲಿ 11. ಆ ರೋಗಿಗಳೆಲ್ಲ ಹಿಂದಿನ ಒಂದು ವರ್ಷದೊಳಗೆ ಹೃದಯ ವೈಫಲ್ಯಕ್ಕಾಗಿ ಆಸ್ಪತ್ರೆ ಸೇರಿದ್ದವರು, ನಿಮ್ಮ ತಂದೆಯ ಹಾಗೆ.

ಜರ್ಮನಿಯ ಕೇಂದ್ರ ರಾಜಘಟ್ಟಕ್ಕೆ ಎಲ್ಲಿಂದ ಬರಬೇಕು ಎಂದು ನೀವು ಕೇಳಬಹುದು. ಬರುವುದಿಲ್ಲ, ನಿಜ. ಹಾಗೆಂದು ದೂರದಿಂದ ಹೃದ್ರೋಗಿಯನ್ನು ನೋಡುವುದು ಕರ್ನಾಟಕಕ್ಕೆ ಹೊಸದೂ ಅಲ್ಲ. 2002ರ ಹೊತ್ತಿಗೇ ಇಸ್ರೋ ಉಪಗ್ರಹದ ಮೂಲಕ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಗೂ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೂ ಸಂಪರ್ಕ ಏರ್ಪಟ್ಟಿತ್ತು; ಎರಡು ತುದಿಯಲ್ಲೂ ವೈದ್ಯರಿದ್ದರು. ಈಗ ತಾಲ್ಲೂಕು ಆಸ್ಪತ್ರೆಗಳನ್ನು ಜಯದೇವ ಹೃದ್ರೋಗ ಸಂಸ್ಥೆಯೊಂದಿಗೆ ಜೋಡಿಸುವ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇದೆ. ಅದು ಹೃದಯಾಘಾತವನ್ನು ಬೇಗ ಗುರುತಿಸಲು ಇರುವುದು, ದಿನನಿತ್ಯದ ನಿಗಾಕ್ಕಲ್ಲ, ಎರಡನ್ನೂ ಕಲಸಿಕೊಳ್ಳಬೇಡಿ. ನಿಮಗೆ ಬೇಕಾದದ್ದು ಹತ್ತಿರದ ದೊಡ್ಡಬಳ್ಳಾಪುರದಲ್ಲಿ ಒಬ್ಬ ಫಿಸಿಷಿಯನ್, ಬೆಂಗಳೂರಿನಲ್ಲಿ ನಿಮ್ಮ ಹೃದಯ ತಜ್ಞರು, ನಡುವೆ ಒಂದು ನೋಟ್‌ಬುಕ್ಕು. 2020ರ ಮಾರ್ಚ್‌ನಿಂದ ನೋಂದಾಯಿತ ವೈದ್ಯರು ಫೋನಿನಲ್ಲಿ, ವಿಡಿಯೊದಲ್ಲಿ ಸಲಹೆ ಕೊಡಲು ಸರ್ಕಾರದ ಮಾರ್ಗಸೂಚಿಯೇ ಇದೆ. ಅಂಕಿ ಯಾರಿಗೆ ಕಳಿಸಬೇಕು, ಭಾನುವಾರ ರಾತ್ರಿ ಉಬ್ಬಸ ಬಂದರೆ ಎಲ್ಲಿಗೆ ಹೋಗಬೇಕು ಎಂಬುದನ್ನು ಮುಂದಿನ ಭೇಟಿಯಲ್ಲೇ ಕೇಳಿ ಬರೆಸಿಕೊಳ್ಳಿ.

ವಾಚಿಗಿಂತ ಮೊದಲು ತೂಕದ ಯಂತ್ರ ತನ್ನಿ. ಉಸಿರು ಕಟ್ಟುವುದಕ್ಕೆ ಕೆಲವು ದಿನ ಮುಂಚೆಯೇ ಮೈಯಲ್ಲಿ ನೀರು ನಿಂತು ತೂಕ ಏರುತ್ತಿರುತ್ತದೆ. ಬೆಳಿಗ್ಗೆ ಎದ್ದು ಮೂತ್ರಕ್ಕೆ ಹೋಗಿ ಬಂದ ಮೇಲೆ, ಕಾಫಿಗೆ ಮುಂಚೆ, ಚಾಪೆಯ ಮೇಲಲ್ಲ, ಗಟ್ಟಿ ನೆಲದ ಮೇಲೆ ಯಂತ್ರವಿಟ್ಟು ನಿಲ್ಲಿಸಿ. ಮೂರು ದಿನದಲ್ಲಿ ಎರಡು ಕಿಲೋಗಿಂತ ಹೆಚ್ಚಿದರೆ ಅಂದೇ ಫೋನ್ ಮಾಡಿ. ಮೊಣಕಾಲಿನ ಕೆಳಗೆ ಮೂಳೆಯ ಮೇಲೆ ಅಮ್ಮ ಹೆಬ್ಬೆರಳಿನಿಂದ ಒತ್ತಿ ನೋಡಲಿ. ಗುಳಿ ಬಿದ್ದು ಹಾಗೇ ಉಳಿದರೆ ಅದನ್ನೂ ಬರೆಯಲಿ.

ಇಷ್ಟೆಲ್ಲ ಮಾಡಿದರೂ ಚೆಕಪ್ ಏಕೆಂದರೆ, ಈ ಕಾಯಿಲೆಗೆ ಕೊಡುವ ಒಳ್ಳೆಯ ಮಾತ್ರೆಗಳಲ್ಲೇ ಕೆಲವು ರಕ್ತದ ಪೊಟ್ಯಾಸಿಯಂ ಏರಿಸುತ್ತವೆ. ಏರಿದ್ದು ರೋಗಿಗೆ ಗೊತ್ತೇ ಆಗದಿರಬಹುದು, ಹೃದಯದ ಬಡಿತ ಮಾತ್ರ ಕೆಡಬಹುದು. ಯಾವ ವಾಚೂ ಅದನ್ನು ಹೇಳುವುದಿಲ್ಲ. ಕ್ರಿಯಾಟಿನಿನ್, ಪೊಟ್ಯಾಸಿಯಂ, ಸೋಡಿಯಂ ಪರೀಕ್ಷೆ ದೊಡ್ಡಬಳ್ಳಾಪುರದಲ್ಲೇ ಮಾಡಿಸಿ ವರದಿ ಕಳಿಸಬಹುದು. ಓಡಾಟ ಉಳಿಯುವುದು ಇಲ್ಲಿ. ಎಕೋ ಯಾವಾಗ ಎಂದು ತಜ್ಞರು ಹೇಳುತ್ತಾರೆ, ಅದಕ್ಕೆ ಬೆಂಗಳೂರಿಗೆ ಬನ್ನಿ. ನಮ್ಮ ರಾಷ್ಟ್ರೀಯ ಹೃದಯ ವೈಫಲ್ಯ ದಾಖಲಾತಿಯಲ್ಲಿ 53 ಆಸ್ಪತ್ರೆಗಳ 10,851 ರೋಗಿಗಳ ವಿವರವಿದೆ. ದಾಖಲಾದ 90 ದಿನಗಳೊಳಗೆ ನೂರಕ್ಕೆ 14 ಜನ ತೀರಿಕೊಂಡಿದ್ದರು. ನಿಮ್ಮ ತಂದೆ ಈಗ ಇರುವುದು ಆ ಅವಧಿಯಲ್ಲೇ. ಗಾಬರಿಯಾಗಬೇಡಿ, ಮಾತ್ರೆ ತಪ್ಪದೆ ನುಂಗಿ, ವೈದ್ಯರು ಡೋಸ್ ಸರಿಹೊಂದಿಸುತ್ತಾ ಹೋದರೆ ಪಂಪಿಂಗ್ ಎಷ್ಟೋ ಜನರಲ್ಲಿ ಸುಧಾರಿಸುತ್ತದೆ.

ಪ್ರಶ್ನೆ: ಅತ್ತೆಗೆ 61 ವರ್ಷ, ಸಕ್ಕರೆ ಕಾಯಿಲೆ ಇದೆ. ರಾತ್ರಿ ಮಲಗಿದರೆ ಉಸಿರು ಕಟ್ಟಿ ಎದ್ದು ಕೂರುತ್ತಾರೆ. ಬೆರಳಿಗೆ ಹಾಕುವ ಯಂತ್ರದಲ್ಲಿ ಆಕ್ಸಿಜನ್ 97 ತೋರಿಸುತ್ತದೆ. ಗ್ಯಾಸ್ ಇರಬಹುದೆ? ಮಂಡಿನೋವಿಗೆ ಮೆಡಿಕಲ್ ಶಾಪಿನ ಮಾತ್ರೆ ನುಂಗುತ್ತಾರೆ.
– ಗೃಹಿಣಿ, ದೊಡ್ಡಬಳ್ಳಾಪುರ

ಉತ್ತರ: ಈ ‘ಗ್ಯಾಸ್’ ಎಂಬ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ, ಕ್ಷಮಿಸಿ. ಮಲಗಿದಾಗ ಉಸಿರು ಕಟ್ಟಿ, ಎದ್ದು ಕೂತರೆ ಹಗುರಾಗುವುದನ್ನು ಹೃದಯದ ತೊಂದರೆಯೆಂದೇ ಮೊದಲು ಶಂಕಿಸಬೇಕು. ಕೂತಾಗ ಅಳೆದ 97 ಇದನ್ನು ಅಲ್ಲಗಳೆಯುವುದಿಲ್ಲ. ಹೃದಯ ಸೋಲುತ್ತಿದ್ದರೂ ಆಮ್ಲಜನಕ ಬಹುಕಾಲ ಸರಿಯಾಗಿಯೇ ಇರಬಹುದು. ಅಂಕಿಗೂ ರೋಗಿಯ ಮಾತಿಗೂ ತಾಳೆಯಾಗದಿದ್ದರೆ ರೋಗಿಯ ಮಾತನ್ನೇ ನಂಬಿ. ಮಂಡಿನೋವಿನ ಮಾತ್ರೆ ಇಂದೇ ನಿಲ್ಲಿಸಿ. ಡೈಕ್ಲೋಫಿನಾಕ್ ತರಹದವು ಉಪ್ಪು, ನೀರನ್ನು ಮೈಯಲ್ಲೇ ಹಿಡಿದಿಡುತ್ತವೆ, ಕಿಡ್ನಿಯನ್ನೂ ಕೆಡಿಸುತ್ತವೆ. ನಾಳೆಯೇ ಇಸಿಜಿ, ಎಕೋ, ಎನ್‌ಟಿ-ಪ್ರೊಬಿಎನ್‌ಪಿ, ಕ್ರಿಯಾಟಿನಿನ್, ಹಿಮೋಗ್ಲೋಬಿನ್ ಮಾಡಿಸಿ. ಎದೆನೋವು, ಬೆವರು ಜೊತೆಗಿದ್ದರೆ ನಾಳೆಗೆ ಕಾಯದೆ ಈಗಲೇ ಹೊರಡಿ.

ಪ್ರಶ್ನೆ: ತೂಕ ಹೆಚ್ಚಿದ ದಿನ ನೀರು ಹೋಗುವ ಮಾತ್ರೆಯನ್ನು ನಾವೇ ಒಂದು ಹೆಚ್ಚು ಕೊಡಬಹುದೆ?
– ಓದುಗರು, ದೇವನಹಳ್ಳಿ

ಉತ್ತರ: ಎಷ್ಟು ತೂಕಕ್ಕೆ ಎಷ್ಟು ಮಾತ್ರೆ, ಎಷ್ಟು ದಿನ ಎಂದು ನಿಮ್ಮ ವೈದ್ಯರು ಚೀಟಿಯಲ್ಲಿ ಬರೆದುಕೊಟ್ಟಿದ್ದರೆ ಕೊಡಿ, ಇಲ್ಲವಾದರೆ ಬೇಡ. ಭೇದಿ, ವಾಂತಿ ಆದ ದಿನ, ನಿಂತಾಗ ತಲೆ ಸುತ್ತಿದ ದಿನ ಕೊಡುವ ಮುಂಚೆ ಅವರಿಗೆ ಫೋನ್ ಮಾಡಲೇಬೇಕು. ಡೋಸ್ ಬದಲಾದ ಒಂದೆರಡು ವಾರದೊಳಗೆ ಕ್ರಿಯಾಟಿನಿನ್, ಪೊಟ್ಯಾಸಿಯಂ ಪರೀಕ್ಷೆ ಮಾಡಿಸಿ.